ಗುಣಮಾಪಕಕ್ಕೆ ರೊಟ್ಟಿ ಚೂರು

ಏಳನೆಯ ರೊಟ್ಟಿ ಹಂಚಿನ ಮೇಲೆ ಉಬ್ಬುತ್ತಿದ್ದಾಗ ಪಕ್ಕದ ಮನೆಯ ಕಲ್ಮೇಶಪ್ಪ ಗೋಡೆಯಾಚೆಯಿಂದ ಕೂಗಿದ. "ನೀಲವ್ವಕ್ಕಾ, ಲಗೂ ಬರ್ರಿ! ಇತಿಹಾಸ ಆಗಾಕತ್ತೈತಿ!"

ಅವನ ಇತಿಹಾಸದಿಂದ ನಮ್ಮ ಓಣಿಯಲ್ಲಿ ಎರಡು ಸಲ ಕರೆಂಟು ಹೋಗಿದೆ. ರೊಟ್ಟಿ ಕೈಯಲ್ಲಿ ಹಿಡಿದೇ ಓಡಿದೆ.

ಹಳೆಯ ವಾಷಿಂಗ್ ಮಷಿನ್ನಿಗೆ ಟಿವಿ ಜೋಡಿಸಿ, ನೆತ್ತಿಗೆ ಗಾಜು ಮುಚ್ಚಿದ ಎರಡು ಗಡಿಯಾರದ ಮುಳ್ಳು ಸಿಕ್ಕಿಸಿದ್ದ. "ಗುಣಮಾಪಕ! ಯಾವ ವಿಡಿಯೋ ಗೇಮ್ ಹಾಕ್ರಿ, ಒಂದು ಮುಳ್ಳು ಮಾರಾಟ ತೋರಸ್ತೈತಿ, ಇನ್ನೊಂದು ಗುಣ, ಸ್ವಂತಿಕೆ. ಎರಡೂ ಕೂಡಿದ್ರ, ಹೆಚ್ಚು ಮಾರಿದ್ದ ಚಲೋ ಆಟ ಅಂತ ನಾ ಹೇಳಿದ್ದ ಖರೆ!"

ಅವನ ಮಗಳು ದಾಕ್ಷಿ ಉಗುರು ಕಚ್ಚುತ್ತ ನಿಂತಿದ್ದಳು. ಮೂರು ವರ್ಷ ಕೂತು ಅವಳು ಮಾಡಿದ ಆಟದಲ್ಲಿ ಅಜ್ಜಿಯೊಬ್ಬಳು ಕೌದಿ ಹೊಲಿಯುತ್ತಾಳೆ. ಒಂದೊಂದು ಹಳೆ ಸೀರೆ ತುಂಡಿಗೂ ಒಂದು ಕತೆ. ಮಾರಿದ್ದು ಹನ್ನೊಂದೇ ಪ್ರತಿ! "ಸೂಜಿ ತೆಗೆದು ಬಂದೂಕು ಹಾಕು, ಲಕ್ಷ ಮಾರುತ್ತೇವೆ" ಎಂದು ಮುಂಬಯಿಯ ಕಂಪನಿಯೊಂದು ಬರೆದಿತ್ತು. ಒಲ್ಲೆನೆಂದು ಅವಳು ಬರೆದ ಉತ್ತರ, ಅಪ್ಪನ ಕಣ್ಣಿಗೆ ಬೀಳದಂತೆ, ತಿಂಗಳಿಂದ ನನ್ನ ಹಿಟ್ಟಿನ ಡಬ್ಬಿಯಲ್ಲೇ ಇತ್ತು. ಕಳಿಸಲು ಅಳುಕು.

"ಲಕ್ಷ ಮಂದಿ ಕುರುಡರೇನವಾ?" ಎಂದ ಕಲ್ಮೇಶಪ್ಪ ಮಗಳಿಗೆ. " ಮುಳ್ಳು ಕೂಡಿದ್ರ ಇವತ್ತ ಒಪ್ಪಿಗಿ ಕಳಸಬೇಕು."

"ಆತು," ಎಂದಳು ದಾಕ್ಷಿ, ಕೇಳಿಸದಷ್ಟು ಮೆಲ್ಲಗೆ.

ಕಲ್ಮೇಶಪ್ಪ ಅವಳ ಆಟ ಹಾಕಿ ಸ್ವಿಚ್ ಒತ್ತಿದ. ಮಾರಾಟದ ಮುಳ್ಳು ಮೇಲೇಳಲೇ ಇಲ್ಲ. ಗುಣದ ಮುಳ್ಳು ಏರಿತು, ಏರಿತು, ಗಾಜನ್ನೇ ಒಡೆಯಿತು!

"ಕೂಡಲಿಲ್ಲಪ್ಪಾ!"

"ಕೂಡ್ತಾವ. ಕೂಡೂತನಕ ತಿದ್ದು ಅಂತ ಅದಕ್ಕ ಹೇಳೀನಿ."

"ಏನನ್ನ ತಿದ್ದತೈತಿ?"

ಕಲ್ಮೇಶಪ್ಪನ ಮುಖ ಬಿಳುಚಿತು. ಮಾರಾಟ ಯಂತ್ರದ ಕೈಯಲ್ಲಿರಲಿಲ್ಲ. ಆಟ ಇತ್ತು.

ತೆರೆಯ ಮೇಲೆ ಅಜ್ಜಿಯ ಸೂಜಿ ಪಿಸ್ತೂಲಾಯಿತು! ಕೌದಿಯ ಮೇಲೆ ಟ್ಯಾಂಕು ಹತ್ತಿತು, ಹಿಂದೆಯೇ ಸೈನಿಕರ ದಂಡು!

"ವಾಯರ್ ಕೀಳೋ!" ಎಂದೆ.

"ಕಿತ್ತರ ಎಲ್ಲಾ ಅಳಿಸಿ ಹೋಗ್ತೈತ್ರಿ!"

"ಇನ್ನೊಂದು ಪ್ರತಿ?"

"ಅದನ್ನ ನಿನ್ನೆನ ಪರೀಕ್ಷೆಗೆ ಸುಟ್ಟೀನಿ..."

ದಾಕ್ಷಿ ತೆರೆಗೆ ಎರಡೂ ಅಂಗೈ ಒತ್ತಿದಳು. ಮೂರು ವರ್ಷದ ಕೌದಿ ತುಂಡು ತುಂಡಾಗಿ ಕಿತ್ತುಹೋಗಿ, ಒಂದೇ ಮೂಲೆ ಉಳಿಯಿತು.

ಅಲ್ಲಿ ಯಂತ್ರ ಗಕ್ಕನೆ ನಿಂತಿತು.

ಕೌದಿಯ ಕೊನೆಯ ಮೂಲೆ ಮುಚ್ಚುವ ಮುನ್ನ ಅದರ ಹೊಟ್ಟೆಗೆ ರೊಟ್ಟಿ ಚೂರು ಇಡುವುದು ನಮ್ಮಲ್ಲಿ ಪದ್ಧತಿ. ದಾಕ್ಷಿ ಅದನ್ನೇ ಆಟದ ನಿಯಮ ಮಾಡಿದ್ದಳು. ಲಕ್ಷ ಲಕ್ಷ ಮಾರಿದ ಬಂದೂಕಿನ ಆಟಗಳನ್ನೆಲ್ಲ ಯಂತ್ರ ಜಾಲಾಡಿತು. ಒಂದರಲ್ಲೂ ರೊಟ್ಟಿ ಇಲ್ಲ! ಹೊಗೆ ಬಂತು. ತೆರೆಯ ಮೇಲೆ ಅಕ್ಷರ ಮೂಡಿದವು. ಒಂದೊಂದಾಗಿ ಕೂಡಿಸಿ ಓದಿದೆ: "ರೊಟ್ಟಿ ಕೊಡಿ."

ಕೈಯಲ್ಲಿದ್ದದ್ದನ್ನು ಮುರಿದು ಮಷಿನ್ನಿನ ಬಾಗಿಲಿಗೆ ತುರುಕಿದೆ.

ಗರಗರ, ಗರಗರ, ಢಬ್! ಸೈನಿಕರು ಬಂದೂಕು ಕೆಳಗಿಟ್ಟರು. ಸಾಲಾಗಿ ಚಕ್ಕಳಮಕ್ಕಳ ಹಾಕಿ ಕೂತು, ಕಿತ್ತ ತುಂಡುಗಳನ್ನೆಲ್ಲ ಮರಳಿ ಹೊಲಿಯತೊಡಗಿದರು! ಆಮೇಲೆ ಯಾವ ಯುದ್ಧದ ಆಟ ಹಾಕಿದರೂ ಅಷ್ಟೇ. ಸೇನಾಪತಿಯೂ ಸೂಜಿಗೆ ದಾರ ಪೋಣಿಸುತ್ತಾನೆ, ರೊಟ್ಟಿ ಕೇಳುತ್ತಾನೆ.

"ಹನ್ನೆರಡನೇ ಗಿರಾಕಿ ಸಿಕ್ತಲ್ಲವಾ," ಎಂದ ಕಲ್ಮೇಶಪ್ಪ, ಮಷಿನ್ನಿನ ನೆತ್ತಿ ತಟ್ಟಿ.

ದಾಕ್ಷಿ ನೇರ ನಮ್ಮ ಅಡುಗೆಮನೆಗೆ ಹೋಗಿ ಹಿಟ್ಟಿನ ಡಬ್ಬಿಗೆ ಕೈ ಹಾಕಿದಳು. ಓಣಿಯ ತುದಿಯ ಅಂಚೆ ಡಬ್ಬಿಯವರೆಗೆ ನಾನೂ ಜೊತೆಗೆ ಹೋದೆ. ಪತ್ರ ಒಳಗೆ ಬಿತ್ತು.

ಲಕೋಟೆಯಲ್ಲಿ ಒಂದಿಷ್ಟು ಜೋಳದ ಹಿಟ್ಟೂ ಹೋಗಿರಬೇಕು. ಮುಂಬಯಿಯವರು ಬೇಕಾದರೆ ರೊಟ್ಟಿ ಬಡಿದುಕೊಳ್ಳಲಿ.