ಕೋಟೆ ಪೂರ್ತಿ ನೋಡದೆ ನೀರಿಗಿಳಿಯುವ ಕುಟುಂಬಗಳ ಬಗ್ಗೆ

ಪುರಾತನ ಸೇನಾ ನೆಲೆಗಳ ಇಲಾಖೆ
(ಕಡಲತೀರ ವಿಭಾಗ)

ಸಂಖ್ಯೆ: ಪುಸೇನೆ/ಕಡಲು/ರಜೆ/ಅತಿ ತುರ್ತು

ಸುತ್ತೋಲೆ

ವಿಷಯ: ಕಡಲತೀರಕ್ಕೆ ಪ್ರವಾಸ ಬರುವ ಕುಟುಂಬಗಳು ಸೇನಾ ನೆಲೆಗಳನ್ನು ಅರ್ಧಕ್ಕೇ ಬಿಟ್ಟು ಸಮುದ್ರದ ಕಡೆ ಓಡುತ್ತಿರುವ ಬಗ್ಗೆ.

ಉಲ್ಲೇಖ: ಅಧೀಕ್ಷಕರ ಪತ್ನಿಯವರ ಮೌಖಿಕ ಆಕ್ಷೇಪಣೆ, ದಿನಾಂಕ: ಪ್ರತಿದಿನ.

ಪ್ರಸ್ತಾವನೆ:

ಈ ಇಲಾಖೆಯ ಅಧೀಕ್ಷಕರು (ಕೆಳಗೆ ಸಹಿ ಮಾಡಿರುವವರೇ) ಹುಟ್ಟಿದಾಗಿನಿಂದ ಸಮುದ್ರವನ್ನೇ ನೋಡದ ತಮ್ಮ ಅತ್ತೆಯವರಿಗೆ ಸಮುದ್ರ ತೋರಿಸುವುದಾಗಿ ಪತ್ನಿಗೆ ಮಾತು ಕೊಟ್ಟು, ಮಗಳನ್ನೂ ಸೇರಿಸಿಕೊಂಡು ಪ್ರವಾಸ ಹೊರಟಿರುತ್ತಾರೆ. ದಾರಿಯಲ್ಲೇ ಇತ್ತೆಂದು ಕೋಟೆ, ಕೋಟೆಯ ಪಕ್ಕದಲ್ಲೇ ಇತ್ತೆಂದು ಕಾವಲು ಗೋಪುರ, ಇಷ್ಟು ದೂರ ಬಂದಾಯಿತಲ್ಲ ಎಂದು ಬಂಕರು, ಹೀಗೆ ರಜೆಯ ಮೊದಲೆರಡು ದಿನ ಶಿಸ್ತಾಗಿ ಕಳೆದಿರುತ್ತವೆ. ಮೂರನೆಯ ದಿನ ಅಶಿಸ್ತು ತಲೆದೋರಿದ್ದರಿಂದ, ಇಂಥ ಘಟನೆ ಬೇರೆ ಮನೆಗಳಿಗೆ ಹರಡದಂತೆ ಈ ಮುಂದಿನ ನಿಯಮಗಳನ್ನು ಜಾರಿಗೊಳಿಸಲಾಗಿದೆ.

1. ಪ್ರತಿಯೊಂದು ಫಿರಂಗಿಯ ಮುಂದೆಯೂ ಕುಟುಂಬದವರು ಬೆರಗಾಗತಕ್ಕದ್ದು. ಬೆರಗಾಗಲು ಆಗದವರು ಬಾಯನ್ನಾದರೂ ತೆರೆದಿಟ್ಟುಕೊಳ್ಳತಕ್ಕದ್ದು. ಆಕಳಿಕೆಯನ್ನು ಬೆರಗೆಂದು ಪರಿಗಣಿಸಲಾಗುವುದಿಲ್ಲ.

2. “ಇಲ್ಲಿ ಯಾವ ಯುದ್ಧ ಆಯ್ತಪ್ಪಾ?” ಎಂದು ಮಗಳು ಕೇಳಿದ್ದು, “ಆಗಲಿಲ್ಲ ಪುಟ್ಟೀ, ಆದ್ರೆ ಎಲ್ಲಾ ರೆಡಿ ಇತ್ತು” ಎಂದು ಅಧೀಕ್ಷಕರು ಉತ್ತರಿಸಿದ್ದು, ಆಗ ಪತ್ನಿಯವರು ಮುಖ ತಿರುಗಿಸಿಕೊಂಡರೂ ಅವರ ಭುಜಗಳು ಕುಲುಕಿದ್ದು ಇಲಾಖೆಯ ಗಮನಕ್ಕೆ ಬಂದಿದೆ. ನಡೆಯದೇ ಹೋದ ಯುದ್ಧಗಳ ಬಗ್ಗೆ ನಗುವುದನ್ನು ಈ ಕೂಡಲೇ ನಿಷೇಧಿಸಲಾಗಿದೆ.

3. ಸಮುದ್ರವನ್ನು ನೋಡಲೇಬೇಕೆಂದು ಹಟ ಹಿಡಿಯುವವರು ಬಂದೂಕಿನ ಕಿಂಡಿಯಿಂದ, ಅದೂ ಶತ್ರುಗಳ ಹಡಗನ್ನು ಹುಡುಕುವ ಸಲುವಾಗಿ ಮಾತ್ರ ನೋಡತಕ್ಕದ್ದು. “ರೀ, ಅಮ್ಮಂಗೆ ಸಮುದ್ರ ತೋರಿಸ್ತೀನಿ ಅಂತ ಕರ್ಕೊಂಡು ಬಂದ್ರಲ್ಲ, ಎಲ್ಲಿ?” ಎಂದು ಪತ್ನಿಯವರು ವಿಚಾರಿಸಿದಾಗ ಅಧೀಕ್ಷಕರು ಈ ಸೌಲಭ್ಯವನ್ನೇ ತೋರಿಸಿರುತ್ತಾರೆ. ಕಿಂಡಿಯು ಅತ್ತೆಯವರ ತಲೆಯಿಂದ ಒಂದು ಗೇಣು ಮೇಲಿದ್ದು, ಅವರು ತುದಿಗಾಲಲ್ಲಿ ನಿಂತರೂ ಕಂಡದ್ದು ಆಕಾಶ ಮಾತ್ರ. “ಇರಲಿ ಬಿಡಿ ಅಳಿಯಂದ್ರೇ, ಸದ್ದಾದ್ರೂ ಕೇಳಿಸ್ತಲ್ಲ” ಎಂದು ಅವರು ಹೇಳಿಕೆ ನೀಡಿರುತ್ತಾರೆ. ಕಿಂಡಿಯನ್ನು ತಗ್ಗಿಸುವ ಯಾವುದೇ ಪ್ರಸ್ತಾವ ಇಲಾಖೆಯ ಮುಂದಿಲ್ಲ. ಅತ್ತೆಯಂದಿರೇ ಎತ್ತರವಾಗತಕ್ಕದ್ದು.

4. ವಿವರಣೆ ನಡೆಯುತ್ತಿರುವಾಗ ಯಾರೂ ಎದ್ದು ಹೋಗುವಂತಿಲ್ಲ. ಹೋಗಲೇಬೇಕಾದಲ್ಲಿ ತಮ್ಮ ಬದಲಿಗೆ ಅಷ್ಟೇ ಜನ ಕೇಳುಗರನ್ನು ಒದಗಿಸತಕ್ಕದ್ದು. ಮೂರನೆಯ ದಿನ ಅಧೀಕ್ಷಕರು ಸಿಡಿಮದ್ದು ಕೂಡಿಡುತ್ತಿದ್ದ ಮದ್ದಿನ ಮನೆಯ ಗೋಡೆಗಳು ಏಕೆ ಅಷ್ಟು ದಪ್ಪವೆಂದು ಮೈಮರೆತು ವಿವರಿಸಿ, ತಿರುಗಿ ನೋಡಿದಾಗ ಬೀಗ ಹಿಡಿದು ಕಾಯುತ್ತಿದ್ದ ಕಾವಲುಗಾರನೊಬ್ಬನೇ ಇದ್ದನು. “ನಿಮ್ಮವ್ರು ಆಗ್ಲೇ ಬೀಚಿಗೆ ಹೋದ್ರು ಸಾರ್. ಅಜ್ಜಿ ಎಲ್ಲರಿಗಿಂತ ಮುಂದಿದ್ರು” ಎಂದು ಆತ ವರದಿ ಸಲ್ಲಿಸಿರುತ್ತಾನೆ.

5. ಹಿರಿಯರು ಪೂರ್ವಾನುಮತಿ ಇಲ್ಲದೆ ನೀರಿಗಿಳಿಯುವುದು, ಇಳಿದ ಮೇಲೆ ಖುಷಿಪಡುವುದು ನಿಯಮಬಾಹಿರ. ಅಧೀಕ್ಷಕರು ಎದ್ದೆನೋ ಬಿದ್ದೆನೋ ಎಂದು ದಡಕ್ಕೆ ಓಡಿ ಬಂದಾಗ, ಮದುವೆಯಾದಾಗಿನಿಂದ ತಮ್ಮೆದುರು ದನಿಯೆತ್ತಿ ಮಾತನಾಡದ ಅತ್ತೆಯವರು ಮಗಳು ಮೊಮ್ಮಗಳ ಕೈ ಹಿಡಿದು, ಮೊಣಕಾಲುದ್ದ ನೀರಿನಲ್ಲಿ, ಬಂದ ಬಂದ ಅಲೆಗೆಲ್ಲ ಚೀರುತ್ತ ಗಹಗಹಿಸಿ ನಗುತ್ತಿದ್ದರು. ಅಧೀಕ್ಷಕರು ರೇಗಲು ಬಾಯಿ ತೆರೆದಿರುತ್ತಾರೆ. ಅಷ್ಟರಲ್ಲಿ ಅತ್ತೆಯವರು “ಅಳಿಯಂದ್ರೇ, ಬನ್ನಿ ಬನ್ನಿ! ಕಾಲಡಿ ಮರಳು ಹೆಂಗೆ ಓಡಿಹೋಗುತ್ತೆ ನೋಡಿ!” ಎಂದು ಕರೆದದ್ದರಿಂದ, ಸದರಿ ಮರಳಿನ ಸ್ಥಳ ಪರಿಶೀಲನೆಗೆಂದು ಮಾತ್ರ ಅಧೀಕ್ಷಕರು ಪ್ಯಾಂಟು ಮಡಚಿ ಇಳಿದಿರುತ್ತಾರೆ. ಆಗ ಅವರ ಬಾಯಿಂದ ಬಂದ ಕೂಗನ್ನು ಸಂತೋಷವೆಂದು ಅರ್ಥೈಸತಕ್ಕದ್ದಲ್ಲ.

6. ಪರಿಶೀಲನೆ ಪೂರ್ಣಗೊಳ್ಳದ ಕಾರಣ ಅಧೀಕ್ಷಕರ ರಜೆಯನ್ನು ಅಧೀಕ್ಷಕರೇ ವಿಸ್ತರಿಸಿರುತ್ತಾರೆ. ಉಳಿದ ಎರಡು ಕೋಟೆಗಳ ಭೇಟಿಯನ್ನು ಶತ್ರುಗಳು ಬರುವವರೆಗೆ ಮುಂದೂಡಲಾಗಿದೆ.

7. ಈ ನಿಯಮಗಳನ್ನು ಉಳಿದ ಎಲ್ಲಾ ಕುಟುಂಬಗಳು ಚಾಚೂ ತಪ್ಪದೆ ಪಾಲಿಸತಕ್ಕದ್ದು.

ಸಹಿ/-
(ಒದ್ದೆಯಾಗಿರುವುದರಿಂದ ಮೊಹರು ಒತ್ತಿಲ್ಲ)
ಅಧೀಕ್ಷಕರು
ಕ್ಯಾಂಪ್: ಸಮುದ್ರ

ಪ್ರತಿಗಳು:
1. ಮದ್ದಿನ ಮನೆಯ ಕಾವಲುಗಾರರಿಗೆ, ಇನ್ನು ಬೀಗ ಹಾಕಿಕೊಳ್ಳಬಹುದೆಂಬ ಸೂಚನೆಯೊಂದಿಗೆ.
2. ಪತ್ನಿಯವರಿಗೆ, ಒಣ ಟವೆಲ್ ಸಹಿತ ಹಾಜರಾಗಲು.
3. ಮಗಳಿಗೆ, ಇದರಲ್ಲಿ ದೋಣಿ ಮಾಡಿ ಬಿಡಬಾರದೆಂಬ ಷರತ್ತಿಗೊಳಪಟ್ಟು.
4. ಅತ್ತೆಯವರಿಗೆ, ನೀರಿನಿಂದ ಹೊರಬಂದ ಮೇಲೆ ಓದಿ ಹೇಳುವುದು. ಅವಸರವಿಲ್ಲ.