ಬೆಂಕಿಗೂಡಿನ ಮುಂದಿನ ಬೆಕ್ಕು

ಅನರ್ಥಕ್ಕೆಲ್ಲ ಮೂಲ ಕಡಲೆಕಾಳಿನಷ್ಟು ದೊಡ್ಡ ಒಂದು ಕಲೆ.

ಗಲ್ಫಿನ ಟುಬ್ಲಿಯ ಫ್ರೇಮ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಜಯರಾಜನ ಕೈಗೆ ಬೆಳಿಗ್ಗೆ ನರ್ಸ್ ಪೆಟ್ರೊನಿಲ್ಲಾ ಒಂದು ಹಳೆಯ ಜಲವರ್ಣ ಚಿತ್ರ ಕೊಟ್ಟಳು. ಹತ್ತಿರದ ಅದ್ಲಿಯಾದಲ್ಲಿ ಅವಳು ನೋಡಿಕೊಳ್ಳುವ ಇಂಗ್ಲಿಷ್ ಅಜ್ಜಿಯ ಮುತ್ತಜ್ಜಿ ನೂರೈವತ್ತು ವರ್ಷದ ಹಿಂದೆ ತಮ್ಮ ಹಳ್ಳಿಯ ಬಂಗಲೆಯ ಹಜಾರವನ್ನು ಬರೆದದ್ದಂತೆ. ರೇಷ್ಮೆ ಪರದೆ, ಕೆಂಪು ಸೋಫಾ, ಬೆಂಕಿಗೂಡು, ನರಪಿಳ್ಳೆಯಿಲ್ಲ.

"ಫ್ರೇಮ್ ಮಾತ್ರ ಬದಲಿಸಿದ್ರೆ ಸಾಕು. ಐದು ಗಂಟೆಗೆ ಮೇಡಂ ಬರ್ತಾರೆ."

ಬೆಂಕಿಗೂಡಿನ ಮುಂದೆ, ಜಮಖಾನದ ಮೇಲೆ ಕಂದು ಕಲೆ. ಕೊಳೆ ಕಂಡರೆ ಕೈ ತುರಿಸುವ ಜಯರಾಜ ಅದನ್ನು ರಬ್ಬರಿನಿಂದ ಮೆಲ್ಲಗೆ ಉಜ್ಜಿ ತೆಗೆದ. ಬೀಗುತ್ತಿರುವಾಗಲೇ ಪೆಟ್ರೊನಿಲ್ಲಾಳ ಫೋನ್.

"ಜಯರಾಜಣ್ಣ, ಹೇಳ್ಲಿಕ್ಕೆ ಮರ್ತೆ. ಅದರಲ್ಲೊಂದು ಬೆಕ್ಕು ಉಂಟಂತೆ. ಮೇಡಮ್ಮಿಗೆ ಅದಂದ್ರೆ ಜೀವ. ಜಾಗ್ರತೆ!"

ಜಯರಾಜ ಮೇಜಿನ ಮೇಲಿನ ರಬ್ಬರ್ ಪುಡಿಯನ್ನು ನೋಡಿದ. ಉಜ್ಜಿದ್ದು ಬೆಕ್ಕನ್ನು!

ಪಕ್ಕದ ಚಾ ಅಂಗಡಿಯ ಹುಸೈನಬ್ಬ ಕನ್ನಡಕ ಏರಿಸಿ ಚಿತ್ರವಿಡೀ ಹುಡುಕಿದ. "ಬೆಕ್ಕು ಬಿಡು, ಇಲಿಯೂ ಇಲ್ಲ ಮಾರಾಯ."

"ನಮ್ಮ ಧಣಿ ಅರಬಾಬಿಗೆ ಗೊತ್ತಾದ್ರೆ ನನ್ನನ್ನು ಊರಿಗೆ ಅಟ್ತಾರೆ!"

"ಎಂತಕ್ಕೆ ಹೆದರುದು? ಲಾನ್ಸೆಲೊಟ್ ಇದ್ದಾನಲ್ಲ!"

ಲಾನ್ಸೆಲೊಟ್ ಗ್ಯಾರೇಜುಗಳ ಬೋರ್ಡ್ ಬರೆಯುವವನು. ಟಯರು ಬಿಟ್ಟರೆ ಬೇರೇನೂ ಬಿಡಿಸಿದವನಲ್ಲ.

"ಮೋರೆ ಈಚೆಗಾ, ಆಚೆಗಾ?" ಬಂದವನೇ ಕುಂಚ ಅದ್ದಿ ಕೇಳಿದ.

"ನಾನು ನೋಡ್ಲಿಲ್ಲ ಮಾರಾಯ, ಉಜ್ಜಿದ್ದು ಮಾತ್ರ!"

"ಮೀಸೆ ಜೋರಿರ್ಲಿ," ಎಂದ ಹುಸೈನಬ್ಬ. "ಇಂಗ್ಲೆಂಡಿನದ್ದಲ್ವಾ."

ಮೊದಲು ಕಿವಿ ದೊಡ್ಡದಾಯಿತು. ಕಿವಿಗೆ ಸರಿಹೊಂದಲೆಂದು ಹೊಟ್ಟೆ ಬೆಳೆಯಿತು. ಬಣ್ಣ ಹರಿದು ಪಟ್ಟೆಗಳಾದವು. ನಾಲ್ಕು ಗಂಟೆಗೆ ಬೆಂಕಿಗೂಡಿನ ಮುಂದೆ ದಸರೆಯ ಹುಲಿವೇಷಕ್ಕೆ ಹೊರಟಂಥ ಒಂದು ಪ್ರಾಣಿ ಕುಳಿತಿತ್ತು. ಹೊರಗಿನ ಬಿಸಿಲಿಗೆ ಹಿಡಿದದ್ದೇ ತಡ, ಒಣಗಿ ಗಟ್ಟಿಯಾಯಿತು.

ಐದಕ್ಕೆ ಸರಿಯಾಗಿ ಮೇಡಂ ಕೋಲೂರಿಕೊಂಡು ಪೆಟ್ರೊನಿಲ್ಲಾಳ ಜೊತೆ ಬಂದರು. ಹೊಸ ಫ್ರೇಮನ್ನು ನೋಡುತ್ತಿದ್ದಂತೆ ಅವರ ಕಣ್ಣು ತುಂಬಿತು. ಬದುಕಿದೆ ಎಂದು ಜಯರಾಜ ಉಸಿರು ಬಿಟ್ಟ.

ಮೇಡಂ ಅವರ ಬೆರಳು ಹೋದದ್ದು ಮಾತ್ರ ಕೆಂಪು ಸೋಫಾದ ಕಡೆಗೆ. ಮೂವರೂ ದಿಂಬೆಂದು ತಿಳಿದಿದ್ದ ಬಿಳಿ ಉಂಡೆಗೆ ಎರಡು ಪುಟ್ಟ ಕಿವಿಗಳಿದ್ದವು. ಬೆಕ್ಕು ಮುದುಡಿಕೊಂಡು ನಿದ್ದೆಹೋಗಿತ್ತು. ಅದನ್ನು ಸವರಿದ ಬೆರಳು ಹಾಗೇ ಜಾರಿ ಬೆಂಕಿಗೂಡಿನ ಮುಂದೆ ಬಂದು ಗಕ್ಕನೆ ನಿಂತಿತು.

ಜಯರಾಜ ಹಿಂದೆ ತಿರುಗಿದ. ಹುಸೈನಬ್ಬನೂ ಇಲ್ಲ, ಲಾನ್ಸೆಲೊಟನೂ ಇಲ್ಲ.

ಮೇಡಂ ಪಿಸುಗುಟ್ಟಿದ್ದನ್ನು ಪೆಟ್ರೊನಿಲ್ಲಾ ಕನ್ನಡ ಮಾಡಿದಳು:

"ಮೇಡಂ ಚಿಕ್ಕವರಿರುವಾಗ ಅಲ್ಲಿ ಚಾ ಚೆಲ್ಲಿದ್ರಂತೆ. ಆ ಕಲೆ ಹೋದದ್ದು ಒಳ್ಳೇದಾಯ್ತಂತೆ. ಆದ್ರೆ ಜಯರಾಜಣ್ಣ, ಅಲ್ಲಿ ಬಂದು ಕೂತದ್ದು ಯಾರ ಮನೆಯದ್ದು ಅಂತ ಕೇಳ್ತಿದ್ದಾರೆ."