ಕೊಂಬು ಕೀಳಬೇಡಿ

ನಂಜನಗೂಡಿನ ಹೈಸ್ಕೂಲಲ್ಲಿ ಕನ್ನಡ ಮೇಡಮ್ ಆಗಿ ಇಪ್ಪತ್ತಾರು ವರ್ಷ ಆಯಿತು. ನನಗೆ ಕೋಪ ಬರದ ದಿನ ಅಂದರೆ ಭಾನುವಾರ. ಅದೂ ಪೇಪರಿನಲ್ಲಿ ಕಾಗುಣಿತ ತಪ್ಪಿಲ್ಲದಿದ್ದರೆ. ಇಂಥ ರಗಳೆಗಳು ನನ್ನನ್ನೇ ಹುಡುಕಿಕೊಂಡು ಬರುತ್ತವೋ, ನಾನೇ ಹೋಗಿ ಮೈಮೇಲೆ ಎಳೆದುಕೊಳ್ಳುತ್ತೇನೋ ಗೊತ್ತಿಲ್ಲ. ನಮ್ಮ ಮನೆಯವರು ಎರಡನೆಯದೇ ಅಂತಾರೆ.

ಎಲ್ಲಕ್ಕೂ ಕಾರಣ ಒಂದು ಆಟ. ಬೋರ್ಡಿನ ಮೇಲೆ ಒಂದು ಪದ ಬರೀತೀನಿ, ಅದರ ಅಕ್ಷರಗಳಲ್ಲೇ ಬೇರೆ ಪದ ಹುಡುಕಬೇಕು. ನಿಯಮ ಒಂದೇ. ಅಕ್ಷರ ಹೇಗಿದೆಯೋ ಹಾಗೇ ತಗೋಬೇಕು. ಕೊಂಬು ಕೀಳಬಾರದು, ಒತ್ತು ಬಿಚ್ಚಬಾರದು, ಒಂದರ ಏತ್ವ ತಂದು ಇನ್ನೊಂದಕ್ಕೆ ಅಂಟಿಸಬಾರದು. ನಂಜನಗೂಡು ಅಂದರೆ ಅದರಲ್ಲಿ ಜನ ಉಂಟು, ಗೂಡು ಉಂಟು, ನಡು ಉಂಟು. ಗಜ ಇಲ್ಲ. 'ಗೂ'ನ ಕೊಂಬು ತೆಗೆದರೆ ಗಜ ಆಗುತ್ತಲ್ಲ ಅಂತ ನನ್ನ ಮುಂದೆ ಅನ್ನಬೇಡಿ. ಆನೆ ಬೇಕಾದರೆ ಮೈಸೂರಿಗೆ ಹೋಗಿ.

ಪ್ರತಿ ವರ್ಷ ರಾಜ್ಯೋತ್ಸವಕ್ಕೆ ಈ ಆಟ ನಾನೇ ನಡೆಸೋದು. ಈ ವರ್ಷ ಜೂನ್‌ನಲ್ಲೇ ಹೆಡ್‌ಮಾಸ್ಟರು ಕರೆದು ಹೇಳಿದರು: "ಮೇಡಮ್, ಹೋದ ವರ್ಷ ನಿಮ್ಮ ಆಟದ ಮೇಲೆ ದೂರು ಜಾಸ್ತಿ ಆಯ್ತು. ಈ ವರ್ಷವೂ ಹೀಗೇ ಆದರೆ ಅದನ್ನ ಕೈಬಿಟ್ಟು ಮ್ಯೂಸಿಕಲ್ ಚೇರ್ ಇಡ್ತೀನಿ."

ರಾಜ್ಯೋತ್ಸವಕ್ಕೆ ಮ್ಯೂಸಿಕಲ್ ಚೇರು! ನನಗೆ ಮೈಯೆಲ್ಲ ಉರಿದುಹೋಯಿತು.

ಮೊದಲ ದೂರು

ಎಂಟನೇ ಕ್ಲಾಸಿಗೆ 'ಕಳಲೆ' ಅಂತ ಕೊಟ್ಟಿದ್ದೆ. ನಮ್ಮ ಪಕ್ಕದ ಊರೇ. ಅದರಲ್ಲಿ 'ಕಲೆ' ಇದೆ, ಸರಿ. ಅದೇ ಊರಿನ ಹುಡುಗಿಯೊಬ್ಬಳು 'ಕಳೆ' ಅಂತ ಬರೆದಿದ್ದಳು. 'ಲೆ'ಯ ಏತ್ವ ಕದ್ದು 'ಳ'ಕ್ಕೆ ಕೊಟ್ಟರೆ ಒಪ್ಪೋದು ಹೇಗೆ? "ಕಳಲೆಯಲ್ಲಿ ಕಲೆ ಇದೆ, ಕಳೆ ಇಲ್ಲ" ಅಂತ ಕೆಂಪಿಂಕಿನಲ್ಲಿ ಬರೆದು ಕಳಿಸಿದೆ.

ಮಾರನೇ ದಿನ ಅವರಪ್ಪ ಹೊಲದಿಂದ ನೇರ ಬಂದರು. ಕಾಲಲ್ಲಿ ಇನ್ನೂ ಕೆಸರು. ಹೆಡ್‌ಮಾಸ್ಟರ ಎದುರು ನೋಟ್ ಬುಕ್ ಬಿಚ್ಚಿ ಹಿಡಿದರು.

"ಸಾ, ಇದ್ಯಾರು ಬರ‍್ದಿರೋದು?"

"ನಾನೇ" ಅಂದೆ.

"ಮೇಡಮ್ನೋರೇ, ನಮ್ಮೂರಲ್ಲಿ ಕಲೆ ಐತೋ ಇಲ್ವೋ ನಂಗೊತ್ತಿಲ್ಲ. ಬನ್ನಿ ಒಂದ್ಸಲ ನಮ್ಮ ಒಲುಕ್ಕೆ. ಕಳೆ ಇಲ್ಲ ಅಂತ ಅಲ್ಲಿ ನಿಂತ್ಕಂಡು ಏಳಿ, ನೋಡವಾ!"

ಏತ್ವ ಅಂದರೇನು, ನಿಯಮ ಅಂದರೇನು ಅಂತ ಕಾಲು ಗಂಟೆ ವಿವರಿಸಿದೆ. ಎಲ್ಲಾ ಸಮಾಧಾನವಾಗಿ ಕೇಳಿಸಿಕೊಂಡರು. ಆಮೇಲೆ ಹೆಡ್‌ಮಾಸ್ಟರ ಕಡೆ ತಿರುಗಿ, "ಪಾಪ, ಇವರು ಬಿಸಿಲಿಗೇ ಬಂದೋರಲ್ಲ, ಬುಡಿ ಸಾ" ಅಂತ ನನ್ನನ್ನು ಕ್ಷಮಿಸಿ ಹೊರಟುಹೋದರು.

ಎರಡನೇ ದೂರು

ಪೋಷಕರ ವಾಟ್ಸಾಪ್ ಗ್ರೂಪಿಗೂ ವಾರಕ್ಕೊಂದು ಪದ ಹಾಕ್ತೀನಿ. ಆ ವಾರ 'ರಸಬಾಳೆ' ಹಾಕಿದ್ದೆ. ರಸ, ಸರ, ಬಾಳೆ ಅಂತ ಉತ್ತರಗಳು ಬರುತ್ತಿದ್ದವು. ಸಂಜೆ ಬಸ್ ಸ್ಟ್ಯಾಂಡ್ ಹತ್ತಿರ ಹಣ್ಣು ಮಾರುವವನೂ ಸಿಕ್ಕ. ಅವನ ಮಗಳೂ ನಮ್ಮ ಸ್ಕೂಲೇ.

"ಮೇಡಮ್, ಈ ಸಲದ್ದು ಭಾಳ ಸುಲಭ. 'ರಸ' ತೆಗ್ದುಬುಟ್ರೆ ಬರೀ 'ಬಾಳೆ' ಉಳೀತದೆ."

"ಭೇಷ್! ನಿಯಮ ಅರ್ಥವಾಗಿದೆ ನಿಮಗೆ."

"ಅದೇ ಅಲ್ವಾ ಮೇಡಮ್, ನಾವು ದಿನಾ ಮಾಡದು" ಅಂತ ಹಲ್ಲು ಕಿರಿದ. ಆಮೇಲೆ ನಾಲಿಗೆ ಕಚ್ಚಿಕೊಂಡ.

ಅಸಲಿ ನಂಜನಗೂಡು ರಸಬಾಳೆ ಅಂತ ಅವನೇ ಆಣೆ ಮಾಡಿ ಕೊಟ್ಟಿದ್ದ ಚಿಪ್ಪು ಆಗ ನನ್ನ ಬ್ಯಾಗಿನಲ್ಲೇ ಇತ್ತು. ಬಸ್ಸಿಗೆ ಕಾದಿದ್ದವರೆಲ್ಲ ತಿರುಗಿ ನೋಡುವ ಹಾಗೆ ಕೂಗಾಡಿದೆ. ಮಾರನೇ ದಿನ, ಮೇಡಮ್ ಆಟದ ನೆಪದಲ್ಲಿ ತನ್ನ ಬಾಯಿಂದ ನಿಜ ಹೊರಡಿಸಿದರು ಅಂತ ದೂರು ಕೊಟ್ಟ!

"ಇನ್ನೊಂದು ಬಂದರೆ ಮುಗೀತು ಮೇಡಮ್" ಅಂದರು ಹೆಡ್‌ಮಾಸ್ಟರು. ಆಗಲೇ ಎಂಟು ಕುರ್ಚಿ ಎಣಿಸಿ ಪಕ್ಕಕ್ಕಿಡಿಸಿದ್ದರು.

ಐದಕ್ಕೆ ಹನ್ನೊಂದು

ರಾಜ್ಯೋತ್ಸವ ಬಂತು. ಈ ಸಲ ಟಿ. ನರಸೀಪುರದ ಮೇಷ್ಟ್ರುಗಳಿಗೂ ನಮ್ಮವರಿಗೂ ಪಂದ್ಯ. ಮೊದಲ ಸುತ್ತಿನಲ್ಲಿ ಅವರವರ ಊರಿನ ಹೆಸರಿನಲ್ಲೇ ಪದ ಹುಡುಕಬೇಕು.

ಅವರು 'ತಿರುಮಕೂಡಲು ನರಸೀಪುರ' ಹಿಡಿದುಕೊಂಡು ಮರ, ನರ, ಕೂರಲು, ತಿರುಪು ಅಂತ ಒಂದೇ ಸಮನೆ ಶುರುಮಾಡಿದರು. ನಮ್ಮ ಗಣಿತದ ಮೇಷ್ಟ್ರು ಎದ್ದು ನಿಂತರು.

"ಮೇಡಮ್, ಇದು ಅನ್ಯಾಯ! ಅವರದು ಹನ್ನೊಂದಕ್ಷರ, ನಮ್ಮದು ಐದು. ನಾವು 'ದಕ್ಷಿಣ ಕಾಶಿ ಶ್ರೀಕ್ಷೇತ್ರ ನಂಜನಗೂಡು' ಅಂತ ತಗೋತೀವಿ."

ನರಸೀಪುರದ ಪಿ.ಟಿ. ಮೇಷ್ಟ್ರು ತೋಳು ಮಡಚಿದರು. "ಹಂಗಾದ್ರೆ ನಾವು 'ತ್ರಿವೇಣಿ ಸಂಗಮ' ಸೇರಿಸ್ಕತೀವಿ ಕಣ್ರೀ."

"ಸೇರಿಸ್ಕೊಳ್ಳಿ! ಅಂಚೆ, ತಾಲ್ಲೂಕು, ಜಿಲ್ಲೆ ಎಲ್ಲಾ ಸೇರಿಸ್ಕೊಳ್ಳಿ!" ಅಂತ ಕಿರುಚಿದೆ.

ಗಣಿತದ ಮೇಷ್ಟ್ರು ಪೆನ್ನು ತೆಗೆದು, "ಜಿಲ್ಲೆ ಇಬ್ಬರಿಗೂ ಒಂದೇ ಮೇಡಮ್, ವಜಾ ಆಗೋಗುತ್ತೆ" ಅಂದರು.

ಕೊನೇ ಸುತ್ತು

ಅಂದು ಮುಖ್ಯ ಅತಿಥಿಗಳಾಗಿ ಬಂದಿದ್ದವರು ನಿವೃತ್ತ ಸಂಸ್ಕೃತ ಪಂಡಿತರು. ದೇವಸ್ಥಾನದ ಮನೆತನದವರು, ಎಂಬತ್ತು ದಾಟಿದ ಹಿರಿಯರು. ಕೊನೇ ಸುತ್ತಿಗೆ ಮುಂಚೆ ಹೆಡ್‌ಮಾಸ್ಟರು ನನ್ನ ಕೈಯಿಂದ ಚಾಕ್‌ಪೀಸು ಕಿತ್ತುಕೊಂಡು, ನಾನು ಬರೆದಿದ್ದ ಪದ ಅಳಿಸಿ, ದೊಡ್ಡದಾಗಿ 'ಮುಖ್ಯ ಅತಿಥಿ' ಅಂತ ಬರೆದರು.

"ಸಾರ್, ಇದು ಬೇಡ" ಅಂದೆ. "ಇದರೊಳಗೆ ಏನಿದೆ ಅಂತ ನೋಡಿದೀರಾ?"

"ಗೌರವ ಇದೆ ಮೇಡಮ್. ನೀವು ಸುಮ್ಮನೆ ಗಂಟೆ ಹೊಡೀರಿ."

ಹೊಡೆದೆ. ಇನ್ನೂ ಗಂಟೆ ಸದ್ದು ನಿಂತಿರಲಿಲ್ಲ, ಪಿ.ಟಿ. ಮೇಷ್ಟ್ರು ಮೈದಾನದಲ್ಲಿ ಕವಾಯತು ಮಾಡಿಸುವ ಗಂಟಲಲ್ಲಿ ಕೂಗಿದರು:

"ತಿಥಿ!"

ಹಾರ ಹಾಕಿಕೊಂಡು ಕೂತಿದ್ದ ಪಂಡಿತರು ಕನ್ನಡಕ ಸರಿಮಾಡಿಕೊಂಡು ಬೋರ್ಡು ನೋಡಿದರು. ಅವರ ಬೆನ್ನ ಹಿಂದೆ ಹೆಡ್‌ಮಾಸ್ಟರು ನನಗೆ ಎರಡೂ ಕೈ ಆಡಿಸುತ್ತಿದ್ದರು. ತಪ್ಪು ಅನ್ನಿ, ತಪ್ಪು ಅನ್ನಿ!

ತಪ್ಪು ಅಂದರೆ ಆಟ ಉಳಿಯುತ್ತಿತ್ತು. ಸರಿ ಅಂದರೆ ಇಷ್ಟು ವರ್ಷ ನಡೆಸಿದ್ದು ಇವತ್ತಿಗೆ ಮುಗೀತು. ಆದರೆ ಹೆಡ್‌ಮಾಸ್ಟರ ಆಡುವ ಕೈ ನೋಡಿ ಲೆಕ್ಕಾಚಾರಕ್ಕಿಂತ ಸಿಟ್ಟೇ ಮುಂದೆ ಬಂತು.

"ಸರಿ ಉತ್ತರ. ಇದ್ದ ಅಕ್ಷರ ಇದ್ದ ಹಾಗೇ ಇದೆ. ನರಸೀಪುರಕ್ಕೆ ಒಂದು ಅಂಕ" ಅಂದೆ.

ಹೆಡ್‌ಮಾಸ್ಟರು ಮೈಕಿಗೆ ಧಾವಿಸಿದರು. "ಪೂಜ್ಯರು ದೊಡ್ಡ ಮನಸ್ಸು ಮಾಡಿ ಕ್ಷಮಿಸಬೇಕು. ಈ ದರಿದ್ರ ಆಟಕ್ಕೆ ಇದೇ ಕೊನೆ. ಮುಂದಿನ ವರ್ಷದಿಂದ ಇದನ್ನ ನಿಲ್ಲಿಸಿಬಿಡ್ತೀವಿ."

ಪಂಡಿತರು ನಿಧಾನವಾಗಿ ಎದ್ದು ಅವರ ಕೈಯಿಂದ ಮೈಕು ತೆಗೆದುಕೊಂಡರು.

"ನಿಲ್ಲಿಸೋದು ಅಂದ್ರೇನಯ್ಯಾ? ತಿಥಿ ಅಂದಮೇಲೆ ವರ್ಷಾ ವರ್ಷಾ ಮಾಡ್ಲೇಬೇಕು!"